ಚಪ್ಪಲಿ ಕಾಯುವ ಕೆಲಸ

ಸಿರುಗುಪ್ಪ
ಸೋಮವಾರ

ಆಟದ ಮಾಸ್ತರರಾದ ವೀರೇಶ್ ಅವರಿಗೆ, ಎರಡನೇ ತರಗತಿಯ ಅಂಜನಾಳ ತಾಯಿ ಮಾಡುವ ನಮಸ್ಕಾರ.

ನೀವು ಶಾಲೆಗೆ ಹೊಸಬರು. ಹೋದ ವರ್ಷವೆಲ್ಲ ಆಟದ ಪಿರಿಯಡ್‌ನಲ್ಲಿ ನನ್ನ ಮಗಳು ಬೇವಿನ ಮರದ ಕೆಳಗೆ ಕುಳಿತು ಉಳಿದ ಮಕ್ಕಳ ಚಪ್ಪಲಿ ಕಾಯುತ್ತಿದ್ದಳು. ಎಡಗಾಲಿಗೆ ಬಲವಿಲ್ಲವೆಂದು ಹಿಂದಿನ ಮಾಸ್ತರರು ಕೊಟ್ಟ ಕೆಲಸ ಅದು. ಬಟ್ಟೆ ಮಾಸದೆ ಮನೆಗೆ ಬರುತ್ತಿದ್ದಳು.

ನೀವು ಬಂದಾಗಿನಿಂದ ಮೈಯೆಲ್ಲ ಮಣ್ಣು. ಗುರುವಾರ ಮೊಣಕೈ ತರಚಿತ್ತು. ಯಾರು ದಬ್ಬಿದರೆಂದು ಕೇಳಿದರೆ ಸುಮ್ಮನೆ ನಗುತ್ತಾಳೆ. ಹೇಳಬೇಡವೆಂದು ಯಾರೋ ಹೆದರಿಸಿರಬೇಕು ಎಂದುಕೊಂಡೆ. ನಿಮ್ಮ ಮೇಲೂ ಅನುಮಾನ ಬಂತು, ಮುಚ್ಚಿಡುವುದಿಲ್ಲ.

ಶನಿವಾರ ಹೇಳದೆ ಬಂದು ಕಾಂಪೌಂಡಿನ ಹೊರಗೆ ನಿಂತೆ. ಮಕ್ಕಳೆಲ್ಲ ನೆಲದ ಮೇಲೆ ಕುಳಿತು, ಕೈಯೂರಿ ತೆವಳುತ್ತ ಚೆಂಡಿನ ಹಿಂದೆ ಹೋಗುತ್ತಿದ್ದರು. ಎದ್ದು ನಿಂತವರನ್ನು ನೀವು ಔಟ್ ಮಾಡುತ್ತಿದ್ದಿರಿ. ನನ್ನ ಮಗಳನ್ನು ಅಣಕಿಸುವುದನ್ನೇ ಆಟ ಮಾಡಿದ್ದೀರಿ ಎಂದು ಮೈಯುರಿದು ಗೇಟಿನವರೆಗೆ ಬಂದೆ. ಅಷ್ಟರಲ್ಲಿ ಅಂಜನಾ ಎಲ್ಲರನ್ನೂ ಹಿಂದೆ ಹಾಕಿ ಚೆಂಡು ಹಿಡಿದಳು. ಕಾಲು ಸೋತಾಗ ತೆವಳುವುದು ಅವಳಿಗೆ ಚಿಕ್ಕಂದಿನಿಂದ ರೂಢಿ. "ಲೇ, ಅಂಜನಾ ನಮ್ ಕಡಿ ಇರ್ಲಿ" ಎಂದು ಹುಡುಗರು ಜಗಳಕ್ಕೆ ನಿಂತರು. ನಾನು ಒಳಗೆ ಬರಲಿಲ್ಲ.

ಆದರೆ ಅಂದು ಅವಳು ಬರಿಗಾಲಲ್ಲಿ ಮನೆಗೆ ಬಂದಳು. ಹೊಸ ಚಪ್ಪಲಿ ಯಾರು ಕದ್ದರೆಂದು ಕೇಳಿದೆ.

"ಎಲ್ಲಾರೂ ಆಡಾಕ ಹೋಗಿದ್ವಿ. ಕಾಯಾಕ ಯಾರಿದ್ರವ್ವ?" ಎಂದಳು.

ಚಪ್ಪಲಿ ಸಿಕ್ಕರೆ ಕಳಿಸಿಕೊಡಿ. ಸಿಗದಿದ್ದರೆ ಬಿಡಿ, ಬೇರೆ ತರುತ್ತೇನೆ. ಕಾಯುವುದಕ್ಕೆ ಮಾತ್ರ ಅವಳನ್ನು ಮತ್ತೆ ಕೂಡಿಸಬೇಡಿ.

ಅಂಜನಾಳ ಅವ್ವ,
ಅಕ್ಷತಾ