ಅತ್ತೆಯ ಲಕ್ಕಿ ಎಣ್ಣೆ

ಸಂತೇಬೆನ್ನೂರು
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಜ್ಯೋತಕ್ಕನಿಗೆ,

ನಜೀರಾಳ ಸಲಾಂ. ದಾವಣಗೆರೆ ಆಸ್ಪತ್ರೆಯಲ್ಲಿ ನನ್ನ ಕೊನೆಯ ಎರಡು ಕೀಮೋ ಸೂಜಿ, ನಿಮ್ಮ ಮೊದಲ ಎರಡು, ಪಕ್ಕಪಕ್ಕದ ಕುರ್ಚಿಯಲ್ಲಿ ಆದವು. ಆ ಸಲಿಗೆಯಿಂದಲೇ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ, ನಗಬೇಡಿ.

ನಿನ್ನೆ ನಿಮ್ಮ ಯಜಮಾನರು ಭೀಮೇಶಣ್ಣ ಫೋನ್ ಮಾಡಿದ್ದರು. ಸೂಜಿಯಿಂದ ಬಂದ ಕೈಕಾಲಿನ ಉರಿ ತಡೆಯಲಾಗದೆ ನೀವು ಅಳುತ್ತೀರಂತೆ. ಗುರುವಾರದ ಸೂಜಿಯನ್ನೂ ಅದರ ಮುಂದಿನದನ್ನೂ ಬಿಟ್ಟು ನಮ್ಮ ಅತ್ತೆಯ ಎಣ್ಣೆ, ಕಷಾಯ ಶುರು ಮಾಡಬಹುದಾ, ನಿನಗೆ ಇದೇ ಉರಿ ಪೂರ್ತಿ ವಾಸಿಯಾಗಿದೆಯಂತಲ್ಲ ಎಂದು ಕೇಳಿದರು. ಫೋನು ನನ್ನ ಬೆರಳಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಲೌಡ್‌ಸ್ಪೀಕರಿನಲ್ಲಿತ್ತು. ಅತ್ತೆ ನನ್ನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದರು. ನಾನು ಹೂಂ ಎಂದೆ.

ಆ ಹೂಂ ಸುಳ್ಳು, ಅಕ್ಕ. ನನಗೆ ವಾಸಿಯಾಗಿಲ್ಲ. ದಯವಿಟ್ಟು ಸೂಜಿ ಬಿಡಬೇಡಿ.

ತಿರುಗಿ ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಹಗಲು ಫೋನು ನನ್ನ ಗಂಡ ಮುಬೀನ್ ಜೊತೆ ವೆಲ್ಡಿಂಗ್ ಅಂಗಡಿಗೆ ಹೋಗುತ್ತದೆ. ಸಂಜೆ ಎಲ್ಲರೂ ಮನೆಯಲ್ಲಿರುತ್ತಾರೆ. ನಮ್ಮ ಎರಡು ಕೋಣೆಯ ಮನೆಯಲ್ಲಿ ನಾನು ಇಲ್ಲಿ ಸೀನಿದರೆ ಅತ್ತೆ ಅಡುಗೆಮನೆಯಿಂದ ದುವಾ ಮಾಡುತ್ತಾರೆ. ಅವರು ಸೊಪ್ಪು ತರಲು ಹೋದಾಗ ಕೂತು ಬರೆಯುತ್ತಿದ್ದೇನೆ. ಪಕ್ಕದ ಮನೆಯ ಶಾಂತಲಾ ಟೀಚರ್ ಬುಧವಾರ ನಿಮ್ಮ ನ್ಯಾಮತಿಗೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತೇನೆ.

ಅತ್ತೆಯನ್ನು ಕೆಟ್ಟವರೆಂದು ತಿಳಿಯಬೇಡಿ. ಮಂಡಿ ನೋವಿನಲ್ಲೂ ದಿನಾ ಹಳ್ಳದ ದಂಡೆಗೆ ಹೋಗಿ ಲಕ್ಕಿ ಸೊಪ್ಪು ಕಿತ್ತು ತಂದು, ಅರೆದು, ಎಳ್ಳೆಣ್ಣೆಯಲ್ಲಿ ಕಾಯಿಸುತ್ತಾರೆ. ಅವರ ತಾಯಿ ಬಾಣಂತಿಯರಿಗೆ ಮಾಡುತ್ತಿದ್ದ ಎಣ್ಣೆಯಂತೆ. ಅವರು ತಿಕ್ಕುವಾಗ ಹಿತವಾಗುತ್ತದೆ, ಅದು ಸುಳ್ಳಲ್ಲ. ಒಂದು ತಾಸು ಒಳ್ಳೆಯ ನಿದ್ದೆ ಬರುತ್ತದೆ. ಎದ್ದರೆ ಮತ್ತೆ ಅದೇ ಮುಳ್ಳು ಚುಚ್ಚಿದ ಹಾಗೆ, ಅದೇ ಜೋಮು.

ಎಣ್ಣೆ ಶುರುವಾದ ನಲವತ್ತನೇ ದಿನ, ಹೆಂಗೈತೆ ಎಂದು ಕೇಳಿದರು. ಬಿಸಿ ಎಣ್ಣೆಗೆ ಅವರ ಅಂಗೈ ಸಿಪ್ಪೆ ಎದ್ದಿತ್ತು. ಕಡಿಮೆಯಾಗಿದೆ ಎಂದುಬಿಟ್ಟೆ. ಸುದ್ದಿ ಬೀದಿ ದಾಟಿತು, ಊರು ದಾಟಿತು. ಈಗ ಚನ್ನಗಿರಿ, ಹೊನ್ನಾಳಿ, ಜಗಳೂರಿನಿಂದೆಲ್ಲ ಜನ ಬರುತ್ತಾರೆ. ಇಷ್ಟು ವರ್ಷ ಮನೆಯ ಗಂಡಸರು ಊಟದ ಹೊತ್ತಿಗೆ ಮಾತ್ರ ನೆನೆಯುತ್ತಿದ್ದ ಹೆಂಗಸು ಈಗ ಜಗಲಿಯಲ್ಲಿ ಕೂತು ಹತ್ತು ಜನಕ್ಕೆ ಪಥ್ಯ ಹೇಳುತ್ತಾರೆ. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ.

ಬಂದವರ ಮುಂದೆ ನನ್ನನ್ನು ಕೂರಿಸಿ ಬೀಡಿ ಸುತ್ತಿಸುತ್ತಾರೆ. "ಲೋಟ ಹಿಡಿಯಾಕೂ ಆಗದ ಕೈ ಇದು, ಈಗ ನೋಡ್ರಿ" ಎನ್ನುತ್ತಾರೆ. ಮೊದಲು ನಾನು ಟಿವಿ ನೋಡುತ್ತಾ ಸುತ್ತುತ್ತಿದ್ದವಳು. ಈಗ ಎಲೆ ಎಲ್ಲಿದೆ, ದಾರ ಎಲ್ಲಿದೆ ಎಂಬುದು ಬೆರಳಿಗೆ ತಿಳಿಯುವುದೇ ಇಲ್ಲ, ಕಣ್ಣಿಟ್ಟು ಸುತ್ತುತ್ತೇನೆ. ಹೊರಗಿನವರಿಗೆ ಈ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಮೋಟು ಕೂದಲಿನ ಜಾಹೀರಾತಿನ ಹುಡುಗಿಯಾಗಿದ್ದೇನೆ ನಾನು. ಬಾಯಲ್ಲಿ ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು.

ಇದುವರೆಗೆ ಬಂದವರೆಲ್ಲ ಸೂಜಿ ಮುಗಿಸಿಕೊಂಡವರು, ಎಣ್ಣೆಯಿಂದ ಕೆಡುವುದೇನು ಎಂದು ಸಮಾಧಾನ ಮಾಡಿಕೊಂಡಿದ್ದೆ. ಸೂಜಿಯನ್ನೇ ಬಿಡುತ್ತೇನೆ ಎಂದವರು ನೀವೇ ಮೊದಲು. ನಿನ್ನೆಯಿಂದ ಅನ್ನ ಸೇರುತ್ತಿಲ್ಲ.

ಉರಿಯ ವಿಷಯ ಡಾಕ್ಟರಿಗೆ ಹೇಳಿ. ಹೇಳಿದರೆ ಚಿಕಿತ್ಸೆ ನಿಲ್ಲಿಸಿಬಿಡುತ್ತಾರೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಮೊದಲೇ ಹೇಳಿದ್ದರೆ ಔಷಧದ ಪ್ರಮಾಣ ಬದಲಿಸಿ ನೋಡಬಹುದಿತ್ತಲ್ಲಮ್ಮ ಎಂದು ಕೊನೆಯ ದಿನ ಬೈದರು. ಎಣ್ಣೆ ಬೇಕೆನಿಸಿದರೆ ಅವರನ್ನು ಕೇಳಿ ಹಚ್ಚಿಕೊಳ್ಳಿ. ಕಷಾಯವನ್ನಂತೂ ಕೇಳದೆ ಕುಡಿಯಬೇಡಿ.

ಓದಿ ಇದನ್ನು ಹರಿದುಬಿಡಿ. ಗೊತ್ತಾದರೆ ಅತ್ತೆ ಇನ್ನೆಂದೂ ಜಗಲಿಗೆ ಬರುವುದಿಲ್ಲ, ನಾನು ಅವರ ಮುಖ ನೋಡಲಾರೆ. ನಾಳೆ ಹೊನ್ನಾಳಿಯವರು ಬರುತ್ತಾರಂತೆ. ಮತ್ತೆ ಬೀಡಿಯ ಮೊರ ಹಿಡಿದು ಕೂರುತ್ತೇನೆ. ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಇಂತಿ, ನಿಮ್ಮ ಪಕ್ಕದ ಕುರ್ಚಿಯ
ನಜೀರಾ

ತಾ.ಕ. (ಬುಧವಾರ ಬೆಳಿಗ್ಗೆ): ಪತ್ರವನ್ನು ಹಾಸಿಗೆಯಡಿ ಇಟ್ಟಿದ್ದೆ. ಅತ್ತೆ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಈಗ ಅದನ್ನು ತಂದು ನನ್ನ ಮುಂದಿಟ್ಟರು. ಅವರು ಬೈಯಲಿಲ್ಲ.

"ಕಡಿಮೆ ಆಗೈತೆ ಅಂದ ಮರುದಿನಾನೇ ನಂಗೆ ಗೊತ್ತಾತು. ಬಿಸಿ ಎಣ್ಣೆ ಕೈ ತಪ್ಪಿ ನಿನ್ನ ಪಾದದ ಮ್ಯಾಲೆ ಬಿತ್ತು, ನೀನು ಕಾಲು ಎಳ್ಕೊಳ್ಳಲೇ ಇಲ್ಲ. ಆಗಿನ್ನೂ ನಗಾಕೆ ಶುರು ಮಾಡಿದ್ದೆ ನೀನು, ಹೆಂಗೆ ಹೇಳ್ಲಿ? ಆಮ್ಯಾಲೆ ಜನ ಬಂದ್ರು. ನಂಗೂ ಬಾಯಿ ಬರ್ಲಿಲ್ಲ" ಎಂದರು.

ಜ್ಯೋತಕ್ಕ, ಪತ್ರ ತರುತ್ತಿರುವವರು ಶಾಂತಲಾ ಟೀಚರ್ ಅಲ್ಲ. ಇದನ್ನು ನಿಮ್ಮ ಕೈಗೆ ಕೊಟ್ಟು ನಿಮ್ಮ ಬಾಗಿಲಲ್ಲಿ ನಿಂತಿರುವವರೇ ನಮ್ಮ ಅತ್ತೆ. ನಾಳೆ ಸೂಜಿಗೆ ಹೋಗುತ್ತೇನೆ ಎಂದು ನೀವು ಹೇಳುವವರೆಗೆ ಅಲ್ಲಿಂದ ಕದಲುವುದಿಲ್ಲವಂತೆ.