ಬಂದೂಕು ತೊಳೆಯುವ ಮುನ್ನ

ಗುರವ್ವನ ಅಪ್ಪಾರಿಗೆ,

ಜೋಳದ ಕೊಯ್ಲಿಗೆ ಹೊರಟಿದ್ದೇನೆ. ಠಾಣೆಯವರು ಮಾವನವರ ಬಂದೂಕು ತಿರುಗಿ ಕೊಟ್ಟರಂತೆ, ನೀವು ಮಧ್ಯಾಹ್ನದ ಬಸ್ಸಿಗೆ ಬರುತ್ತೀರಂತೆ. ಠಾಣೆಯ ಹತ್ತಿರ ನಿಮ್ಮನ್ನು ಕಂಡ ಶಿದ್ರಾಯ ಬಂದು ಹೇಳಿದಾಗಿನಿಂದ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ತುಕ್ಕು ತೊಳೆಯಲು ಪೆಟ್ರೋಲು ತಂದೇ ತರುತ್ತೀರಿ. ಮೊದಲು ನಳಿಗೆ ಖಾಲಿ ಇದೆಯೇ ನೋಡ್ರಿ. ಅಡಿಗಿಮನ್ಯಾಗ ಮಾತ್ರ ಕುಂದ್ರಬ್ಯಾಡ್ರಿ. ಒಲೆ ಆರಿದಂತೆ ಕಾಣುತ್ತದೆ, ಆರಿಲ್ಲ. ಸಂಜೆಗೆಂದು ಬೂದಿಯೊಳಗೆ ಕೆಂಡ ಮುಚ್ಚಿಟ್ಟಿದ್ದೇನೆ. ಪೆಟ್ರೋಲಿನ ಆವಿ ಹೊತ್ತಿಕೊಳ್ಳಲು ಅಷ್ಟೇ ಸಾಕು. ಹೊರಗೆ ಬೇವಿನ ಕೆಳಗೆ, ಗಾಳಿಯಲ್ಲಿ ತೊಳೆಯಿರಿ. ಬೀಡಿಕಟ್ಟು ನನ್ನ ಟ್ರಂಕಿನಲ್ಲಿದೆ, ಹುಡುಕಬ್ಯಾಡ್ರಿ. ಒರೆಸಿದ ಚಿಂದಿಯನ್ನು ಒಲೆ ಹೊತ್ತಿಸುವ ಪುಳ್ಳೆಬುಟ್ಟಿಗೆ ಹಾಕಬೇಡಿ. ಸಾಬೂನು ಹಚ್ಚಿ ಕೈ ತೊಳೆದೇ ಉಣ್ಣಿರಿ.

ಆದರೆ ನಾನು ಬರುವ ತನಕ ಗುಂಡು ಹಾರಿಸಬೇಡಿ. ಬಂದೂಕು ಠಾಣೆಯಲ್ಲಿದ್ದ ಐದು ವರ್ಷ ತೋಳ ಹಟ್ಟಿಗೆ ಬಂದಾಗಲೆಲ್ಲ ಡಬ್ಬಿ ಬಡಿದು ಕೂಗಿದವಳು ನಾನು. ಮೊದಲ ಸದ್ದು ನಾನೂ ಕೇಳಬೇಕು.

ಇಂದ್ರಾಬಾಯಿ