ಒಳಗಿದ್ದ ಎರಡನೆಯ ಕಾರ್ಡು

ಹುಫೂಫ್,
ಶುಕ್ರವಾರ ಬೆಳಿಗ್ಗೆ

ನನ್ನ ಶುರೂಕ್ ಅಕ್ಕನಿಗೆ ಬದ್ರಿಯಾಳ ಸಲಾಮು.

ನಿನ್ನ ಕ್ಯಾಮೆರಾ ಇದೇ ಚೀಲದಲ್ಲಿದೆ. ತಮ್ಮ ರಾಕಾನ್ ದಮ್ಮಾಮಿಗೆ ಹೊರಟು ನಿಂತು ಹಾರ್ನ್ ಒತ್ತುತ್ತಿದ್ದಾನೆ. ಫೋನಿನಲ್ಲಿ ಹೇಳೋಣವೆಂದರೆ ಅತ್ತೆ ಮಗ್ಗುಲಲ್ಲೇ ಕೂತಿದ್ದಾರೆ. ಅದಕ್ಕೇ ಈ ಪತ್ರ. ಓದಿ ಹರಿದುಹಾಕು.

ನೀನು ಬಳಸುವ ಕ್ಯಾಮೆರಾ ಕಂಪನಿಯನ್ನು ಹತ್ತು ವರ್ಷ ಆಡಿಕೊಂಡವಳು ನಾನು. ನನ್ನ ಕ್ಯಾಮೆರಾ ಬಿದ್ದು ಒಡೆಯದಿದ್ದರೆ ನಿನ್ನದನ್ನು ಮುಟ್ಟುತ್ತಲೂ ಇರಲಿಲ್ಲ. ನಿಜ ಹೇಳಲಾ? ಕೈಗೆ ಚೆನ್ನಾಗಿ ಕೂರುತ್ತದೆ. ಲೆನ್ಸ್ ತಿರುಗಿಸುವ ದಿಕ್ಕು ಮಾತ್ರ ನನ್ನದಕ್ಕೆ ಪೂರಾ ಉಲ್ಟಾ. ನಿನ್ನೆ ಮಧ್ಯಾಹ್ನ ಮದರಂಗಿ ಶಾಸ್ತ್ರದ ಮನೆಯಲ್ಲಿ ಮೂರು ಸಲ ತಡಕಾಡಿದೆ. ಮದುಮಗಳು ಜವಾಹಿರ್ ನಕ್ಕು, "ಏನಕ್ಕಾ, ನನಗಿಂತ ನಿಮ್ ಕೈನೇ ಜಾಸ್ತಿ ನಡುಗ್ತಿದೆ!" ಎಂದಳು. ಆದರೆ ಫೋಟೋದಲ್ಲಿ ಆ ಮದರಂಗಿಯ ಕೆಂಪು ಬಂದದ್ದು ನೋಡಬೇಕಿತ್ತು! ಕ್ಲಿಕ್ ಎನ್ನುವ ಸದ್ದಂತೂ ಇಲ್ಲವೇ ಇಲ್ಲ. ಅದಕ್ಕೇ ಇರಬೇಕು, ಜನ್ಮದಲ್ಲಿ ಫೋಟೋಗೆ ಮುಖ ಕೊಡದ ಮದುಮಗಳ ಅಜ್ಜಿ ತಲೆವಸ್ತ್ರ ತೆಗೆದು, ಬೆಳ್ಳಿಕೂದಲು ಬೀಸಿ ಕುಣಿದರು. ಆಮೇಲೆ ನನ್ನ ಕೆನ್ನೆ ಹಿಂಡಿ, "ನಂದೂ ತೆಗೆದ್ಯೇನೇ? ಸಾಯೋದ್ರೊಳಗೆ ಒಂದ್ಸಲ ನಾನೂ ನೋಡ್ಕೋತೀನಿ" ಎಂದರು.

ಹೆಂಗಸರ ಫೋಟೋ ಹೊರಗೆ ಹೋಗಬಾರದೆಂದು ಬಾಗಿಲಲ್ಲೇ ಎಲ್ಲರ ಫೋನೂ ತೆಗೆದಿಟ್ಟುಕೊಂಡಿದ್ದರು. ಮುಗಿದ ಮೇಲೆ ಫೋಟೋ ತೆಗೆಯುವವರ ವಾಡಿಕೆಯಂತೆ ನಾನೂ ಕ್ಯಾಮೆರಾದಿಂದ ನನ್ನ ಮೆಮೊರಿ ಕಾರ್ಡು ತೆಗೆದು ಮದುಮಗಳ ತಾಯಿ ಉಮ್ಮು ಜಾಬಿರ್ ಅವರ ಅಂಗೈಗಿಟ್ಟೆ. "ನಿನ್ನ ಹತ್ರ ಒಂದೂ ಉಳಿದಿಲ್ಲ ತಾನೇ?" ಎಂದರು. ದೇವರಾಣೆ ಇಲ್ಲವೆಂದೆ.

ಇವತ್ತು ಬೆಳಿಗ್ಗೆ ಒರೆಸಿಡಲೆಂದು ಕ್ಯಾಮೆರಾ ಎತ್ತಿಕೊಂಡು ಗುಂಡಿ ಒತ್ತಿದರೆ, ಪರದೆಯ ಮೇಲೆ ಜವಾಹಿರ್! ತೋಳು, ಕೊರಳು, ಬಿಚ್ಚಿದ ಕೂದಲು. ನನ್ನ ಕ್ಯಾಮೆರಾದಲ್ಲಿ ಕಾರ್ಡಿಗೆ ಇರುವುದು ಒಂದೇ ಜಾಗ. ನಿನ್ನದರಲ್ಲಿ ಎರಡು, ಎರಡನೆಯದರಲ್ಲಿ ನಿನ್ನ ಕಾರ್ಡು. ಎಲ್ಲದರ ನಕಲೂ ಅದರಲ್ಲಿ ಕೂತಿದೆ ಎಂದುಕೊಂಡೆ. ಅಷ್ಟರಲ್ಲೇ ನನ್ನ ಗಂಡ ಚಹಾ ಲೋಟ ಹಿಡಿದು ಬಂದು, "ಎಲ್ಲಿ, ತೋರ್ಸು, ಹೇಗಿದೆ ನಿಮ್ಮಕ್ಕನ್ ಕ್ಯಾಮೆರಾ?" ಎಂದು ಕೈಚಾಚಿದರು. ಕ್ಯಾಮೆರಾ ಅವಚಿಕೊಂಡು ಬಚ್ಚಲಿಗೆ ಓಡಿದೆ, ಅಕ್ಕಾ. ಒಳಗಿನಿಂದ ಚಿಲಕ ಹಾಕಿಕೊಂಡೆ.

ಹೋದ ವರ್ಷ ಒಂದೇ ಒಂದು ಫೋಟೋ ಹೊರಬಿದ್ದು ಒಬ್ಬ ಹುಡುಗಿಯ ಮದುವೆ ಮುರಿದದ್ದು ನಿನಗೆ ಗೊತ್ತು. ಫೋಟೋ ತೆಗೆದವಳನ್ನು ಇಂದಿಗೂ ಯಾರೂ ಹೊಸಿಲು ತುಳಿಯಲು ಬಿಡುವುದಿಲ್ಲ. ಅಳಿಸಿದ ಫೋಟೋವನ್ನೂ ಕಾರ್ಡಿನಿಂದ ಮತ್ತೆ ಹೊರತೆಗೆಯಬಹುದೆಂದು ಹೇಳಿದವಳು ನೀನೇ. ನೇರ ಉಮ್ಮು ಜಾಬಿರ್ ಬಳಿ ಹೋಗಿ ಹೇಳಬೇಕೆಂದು ಒಮ್ಮೆ ಅನಿಸಿತು. ಆದರೆ ನನಗೆ ಗೊತ್ತಿರಲಿಲ್ಲವೆಂದರೆ ಅವರು ನಂಬುತ್ತಾರೆಯೇ? ಧೈರ್ಯ ಬರಲಿಲ್ಲ. ಕತ್ತರಿ ತಂದು ಆ ಕಾರ್ಡನ್ನು ನಾಲ್ಕು ತುಂಡು ಮಾಡಿ ನೀರಿಗೆ ಬಿಟ್ಟೆ. ನಿನ್ನ ಕಾರ್ಡು, ಕ್ಷಮಿಸು. ಯಾರಿಗೂ ಬಾಯಿ ಬಿಡಬೇಡ.

ನಿನ್ನನ್ನೇ ನಂಬಿರುವ
ನಿನ್ನ ತಂಗಿ,
ಬದ್ರಿಯಾ

ಮರೆಯುವ ಮುನ್ನ: ಚೀಲ ಮುಚ್ಚುವಷ್ಟರಲ್ಲಿ ಉಮ್ಮು ಜಾಬಿರ್ ಫೋನು ಬಂತು. ನಾನು ಕೊಟ್ಟ ಕಾರ್ಡು ಖಾಲಿಯಂತೆ. ನಿನ್ನ ಕ್ಯಾಮೆರಾ ನಕಲು ಮಾಡಿರಲಿಲ್ಲ, ಅಕ್ಕಾ. ಎಲ್ಲವನ್ನೂ ನಿನ್ನ ಕಾರ್ಡಿಗೆ ಮಾತ್ರ ತುಂಬಿತ್ತು. ಅವರಿಗೆ ಕೋಪವೇ ಇಲ್ಲ. "ಅವಸರದಲ್ಲಿ ಬೇರೆ ಕಾರ್ಡ್ ಕೊಟ್ಟಿದೀಯ ಮಗಳೇ. ಸರಿಯಾದ್ದು ತಗೊಂಡು ಬಾ, ಅಜ್ಜಿ ಆಗ್ಲೇ ಕನ್ನಡಕ ಒರೆಸ್ಕೊಂಡು ಕೂತಿದಾರೆ" ಎಂದರು. ಬಂದೆ ಎಂದುಬಿಟ್ಟೆ.